ನಾಲ್ಕು ಊರುಗಳಲ್ಲಿ ಹೇಳಿದ ಸಾಕ್ಷಿ

ಕಳೆದ ತಿಂಗಳು ಸಿಂದಗಿ ಬಸ್ ನಿಲ್ದಾಣದಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬಳು ನನ್ನನ್ನು ತಡೆದು ನಿಲ್ಲಿಸಿ, ನನ್ನ ಕಥೆಯನ್ನು ನನಗೇ ಹೇಳಿದಳು. ನಾನು ವರ್ಷಗಟ್ಟಲೆ ನಿದ್ದೆಯಿಲ್ಲದೆ ಒದ್ದಾಡಿದ್ದೆನಂತೆ. ಬಾವಿಯ ಕಟ್ಟೆಯವರೆಗೂ ಹೋಗಿದ್ದೆನಂತೆ. ಕರ್ತನು ಮುಟ್ಟಿದ ಮೇಲೆ ಡಾಕ್ಟರು ಕೊಟ್ಟ ಗುಳಿಗೆಗಳನ್ನೆಲ್ಲ ಹಳ್ಳಕ್ಕೆ ಎಸೆದು ಗುಣವಾದೆನಂತೆ. ಈಗ ದೊಡ್ಡ ಸಾಹೇಬನಾಗಿದ್ದೇನಂತೆ. ಎಲ್ಲ ಹೇಳಿ ಮುಗಿಸಿ, "ನೀವ ಹೌದಲ್ರಿ, ನರ್ಸಬಾಯಿ ತಂಗಿ ಮಗಾ?" ಎಂದು ಕೇಳಿದಳು.

ನರ್ಸಬಾಯಿಯ ತಂಗಿಯ ಮಗ ಹೌದು, ಉಳಿದದ್ದು ಯಾವುದೂ ಅಲ್ಲ ಎಂದೆ. ನಾನು ಬಾವಿಯ ಕಡೆ ಹೋದವನಲ್ಲ, ಗುಳಿಗೆ ಎಸೆದವನಲ್ಲ, ಕೊಲ್ಹಾರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರ. ಅವಳು ನಕ್ಕು, "ಇರಲಿ ಬಿಡ್ರಿ, ಭಾಳ ಮಂದಿಗೆ ಧೈರ್ಯ ಆಗೇತಿ" ಎಂದು ಇಂಡಿ ಬಸ್ಸು ಹತ್ತಿ ಹೋದಳು.

ಆ 'ಇರಲಿ ಬಿಡ್ರಿ' ನನ್ನ ತಲೆ ಕೆಡಿಸಿತು. ಏಳು ವರ್ಷದ ಹಿಂದೆ ನಾಲ್ಕು ಊರು ತಿರುಗಿ, ನಾಲ್ಕೂ ಕಡೆ ಎದ್ದು ನಿಂತು, ಅದು ಸುಳ್ಳು ಎಂದು ಹೇಳಿ ಬಂದವನು ನಾನು. ಆದರೂ ಸುಳ್ಳು ಇನ್ನೂ ಬಸ್ಸು ಹತ್ತಿ ತಿರುಗಾಡುತ್ತಿದೆ, ನಿಜಕ್ಕೆ ಮಾತ್ರ ಸೀಟು ಸಿಕ್ಕಿಲ್ಲ. ಮನೆಗೆ ಬಂದವನೇ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಆ ವರ್ಷದ ದಿನಚರಿ ತೆಗೆದೆ. ನಾನು ನೆನಪನ್ನು ನಂಬುವುದಿಲ್ಲ, ನನ್ನದನ್ನಂತೂ ಇಲ್ಲವೇ ಇಲ್ಲ. ನಂಬದೆ ಇದ್ದದ್ದು ಒಳ್ಳೆಯದಾಯಿತೆಂದು ಈಗ ಅನ್ನಿಸುತ್ತದೆ. ದಿನಚರಿಯಲ್ಲಿದ್ದ ಒಂದು ಸಾಲಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ ಸಾಲು ಬರಬೇಕಾದಲ್ಲಿ ಬರುತ್ತದೆ.

ಆ ವರ್ಷ ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಉಪನ್ಯಾಸಕರ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲಕ್ಕೆ ಓದಲು ಕೂತಿದ್ದೆ. ಕೂತಿದ್ದೆ ಎಂಬುದಷ್ಟೇ ನಿಜ, ಓದು ಆಗುತ್ತಿರಲಿಲ್ಲ. ಒಂದೇ ಸಾಲನ್ನು ಆರು ಸಲ ಓದುತ್ತಿದ್ದೆ, ಏಳನೆಯ ಸಲ ಕೈ ಮೊಬೈಲಿನ ಮೇಲಿರುತ್ತಿತ್ತು. ನಿದ್ದೆ ಬರುತ್ತಿರಲಿಲ್ಲ ಎಂಬುದು ಕಟ್ಟುಕಥೆ. ನಿದ್ದೆ ಬೇಕಾದಷ್ಟಿತ್ತು, ಹಗಲಲ್ಲೂ ಇತ್ತು. ವಿಜಯಪುರದ ಡಾಕ್ಟರೊಬ್ಬರು ಇದು ಸೋಮಾರಿತನವಲ್ಲ, ಖಿನ್ನತೆ ಎಂದು ಹೇಳಿ ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಅಪ್ಪನಿಗೆ ಎರಡೂ ಒಂದೇ. ಮನೆಯಲ್ಲಿ ಕೂತರೆ ಇವನು ಓದುವುದಿಲ್ಲ ಎಂದು ಬಸವನ ಬಾಗೇವಾಡಿಯಲ್ಲಿದ್ದ ದೊಡ್ಡವ್ವನ ಮನೆಗೆ ಅಟ್ಟಿದ.

ದೊಡ್ಡವ್ವನೆಂದರೆ ಅವ್ವನ ಅಕ್ಕ, ಕರುಣಾಬಾಯಿ. ಹಳ್ಳಿಹಳ್ಳಿ ತಿರುಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿದ ಸರಕಾರಿ ನರ್ಸ್, ಆಗಷ್ಟೇ ನಿವೃತ್ತಿಯಾಗಿದ್ದಳು. ಕೂತು ಗೊತ್ತಿಲ್ಲದ ಜೀವ. ಹಾಗಾಗಿ ನಿವೃತ್ತಿಯ ಮರುವಾರದಿಂದಲೇ ಬಾಗೇವಾಡಿ, ಇಂಡಿ, ಮುದ್ದೇಬಿಹಾಳ, ಸಿಂದಗಿಗಳ ಸಣ್ಣ ಸಣ್ಣ ಮನೆಪ್ರಾರ್ಥನೆಗಳಿಗೆ ಸರದಿಯಂತೆ ಹೋಗಲು ಶುರುಮಾಡಿದ್ದಳು. ನಾವು ಮೂರು ತಲೆಮಾರಿನ ಕ್ರೈಸ್ತರು. ಆದರೆ ನನ್ನ ಕ್ರೈಸ್ತತನ ಕ್ರಿಸ್ಮಸ್ಸಿನ ಹೊಸ ಅಂಗಿಗೆ ಮುಗಿಯುತ್ತಿತ್ತು. ದೊಡ್ಡವ್ವನಿಗೆ ಇದು ಗೊತ್ತಿತ್ತು. ನಾನು ಬಂದ ಮೊದಲ ಮುಂಜಾನೆಯೇ ಅಂಗೈಯಲ್ಲಿ ಗುಳಿಗೆ ಇಟ್ಟು, ನೀರು ಕೊಟ್ಟು, ನುಂಗಿದ ಮೇಲೆ ನಾಲಿಗೆ ಎತ್ತಿ ತೋರಿಸು ಎಂದಳು. ಇಪ್ಪತ್ತೇಳು ವರ್ಷದವನು ನಾನು. ನಾಲಿಗೆ ಎತ್ತಿದೆ. ಆಮೇಲೆ ವೇದಪುಸ್ತಕ ತೆರೆದು ಒಂದು ವಾಕ್ಯ ತೋರಿಸಿ, ಇದನ್ನು ಓದಿ ಬರೆದುಕೋ ಎಂದಳು. ಒಂದು ವಾಕ್ಯವೇನು, ಅಧ್ಯಾಯವನ್ನೇ ಓದುತ್ತೇನೆ ಎಂದೆ.

"ಮೊದಲ ಒಂದ್ ರೊಟ್ಟಿ ಅಗದು ನುಂಗು" ಎಂದಳು. "ಬುಟ್ಟಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ಎಷ್ಟು ಸಿಟ್ಟು ಬಂತೆಂದರೆ, ದಿನಚರಿಯಲ್ಲಿ ಆ ದಿನ ಬರೆದದ್ದು ವಾಕ್ಯವನ್ನಲ್ಲ, ದೊಡ್ಡವ್ವನ ಬಗ್ಗೆ ಒಂದೂವರೆ ಪುಟ.

ಒಂದೇ ವಾಕ್ಯ, ದಿನವಿಡೀ ಅದೇ. ಮಧ್ಯಾಹ್ನ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು, ಸಂಜೆ ದನಿಯೇರಿಸಿ ಕೇಳುತ್ತಿದ್ದಳು. ತಪ್ಪಿದರೆ ಮರುದಿನ ಹೊಸ ವಾಕ್ಯವಿಲ್ಲ, ತಂಗಳೇ ಗತಿ. ಜತೆಗೆ ಅವಳ ಸ್ಕೂಟರಿಗೆ ನಾನು ಡ್ರೈವರ್. ಆ ಸಲ ಮಳೆ ತಡವಾಗಿ ಬಂದು ಹೋಗಲು ಒಲ್ಲೆನೆಂದಿತ್ತು. ಹಿಂಗಾರಿ ಬಿತ್ತುವ ಹೊತ್ತಿಗೂ ಹೊಲಗಳು ಆರಿರಲಿಲ್ಲ. ನಮ್ಮ ಕಡೆಯ ಎರೆ ಮಣ್ಣು ಗೊತ್ತಲ್ಲ, ಗಾಲಿಗೂ ಮಡ್ಗಾರ್ಡಿಗೂ ನಡುವೆ ತುಂಬಿಕೊಂಡರೆ ಸ್ಕೂಟರ್ ಅಲ್ಲೇ ಕೂತುಬಿಡುತ್ತದೆ. ನಾನು ಕಡ್ಡಿ ತೊಗೊಂಡು ಮಣ್ಣು ಕೆದರುತ್ತಿದ್ದರೆ ದೊಡ್ಡವ್ವ ದಂಡೆಯಲ್ಲಿ ನಿಂತು ಹಾಡು ಹೇಳುತ್ತಿದ್ದಳು. ರಾಗ ಸರಿಯಿರಲಿಲ್ಲ. ಪರೀಕ್ಷೆಗೆ ಓದಲು ಬಂದವನು ಕೆಸರು ಕೆದರುತ್ತಿದ್ದೇನೆ, ಇವಳಿಗೆ ಸ್ತೋತ್ರ ಮಾಡುವ ಚಪಲ ಎಂದು ಎಷ್ಟು ಸಲ ಹಲ್ಲು ಕಡಿದೆನೋ.

ನಿಜವಾಗಿ ನಡೆದದ್ದು ಮಸೂತಿ ಎಂಬ ಹಳ್ಳಿಯಲ್ಲಿ, ನವೆಂಬರ್ ತಿಂಗಳ ಒಂದು ಬೆಳಗ್ಗೆ. ದೊಡ್ಡವ್ವನ ಹಳೆಯ ಪರಿಚಯದ ಮನೆಯೊಂದರಲ್ಲಿ ಬಾಣಂತಿಯನ್ನು ನೋಡಲು ಹೋಗಿದ್ದೆವು. ಅವಳು ಒಳಗೆ ಹೋದಳು, ನಾನು ಅಂಗಳದಲ್ಲಿದ್ದ ಹಗ್ಗದ ಹೊರಸಿನ ಮೇಲೆ ಕೂತೆ. ಮೊಬೈಲಿನ ಚಾರ್ಜು ಮುಗಿದಿತ್ತು. ಕಿಸೆಯಲ್ಲಿ ಆ ದಿನದ ವಾಕ್ಯ ಬರೆದ ಚೀಟಿ ಇತ್ತು. ಬೇರೆ ದಾರಿಯಿಲ್ಲದೆ ಅದನ್ನು ಓದಿದೆ. ಮತ್ತೆ ಓದಿದೆ. ದೊಡ್ಡವ್ವ ಹೊರಗೆ ಬಂದು "ಏಳು, ಹೊತ್ತಾತು" ಎಂದಾಗ ನೋಡುತ್ತೇನೆ, ಒಂದು ತಾಸಿನ ಮೇಲಾಗಿದೆ. ಆ ತಾಸಿನಲ್ಲಿ ನನ್ನ ಮನಸ್ಸು ಎಲ್ಲಿಗೂ ಹೋಗಿರಲಿಲ್ಲ. ಇದನ್ನು ಹೇಗೆ ಹೇಳಬೇಕೋ ಇಂದಿಗೂ ತಿಳಿಯದು. ಪಕ್ಕದಲ್ಲಿ ಯಾರೋ ಕೂತಿದ್ದಾರೆ, ನನ್ನನ್ನು ನೋಡಿ ನೋಡಿ ಅವರಿಗೆ ಬೇಸರವಾಗಿಲ್ಲ, ಎದ್ದು ಹೋಗುವ ಅವಸರವೂ ಇಲ್ಲ ಎಂಬಂತೆ ಇತ್ತು. ನನಗೆ ನನ್ನ ಬಗ್ಗೆಯೇ ಬೇಸರ ಹುಟ್ಟಿ ಎರಡು ವರ್ಷವಾಗಿತ್ತು. ದಿನಚರಿಯಲ್ಲಿ ಇಷ್ಟೇ ಇದೆ: 'ಮಸೂತಿ. ಒಂದು ತಾಸು. ಏನೂ ಆಗಲಿಲ್ಲ.' ದೇವರ ಕೈಗೆ ಸಿಕ್ಕುವುದನ್ನು ನಮ್ಮವರು ರಕ್ಷಣೆ ಎನ್ನುತ್ತಾರಲ್ಲ, ನನ್ನ ರಕ್ಷಣೆಯ ಮೂಲ ದಾಖಲೆ ಇದು. ಇದರಲ್ಲಿ ಬಾವಿಯೂ ಇಲ್ಲ, ಹಳ್ಳವೂ ಇಲ್ಲ.

ಅಲ್ಲಿಂದ ಮುಂದೆ ಓದು ನಿಧಾನಕ್ಕೆ ಹಿಡಿತಕ್ಕೆ ಬಂತು. ದಿನಕ್ಕೆ ಹತ್ತು ಪುಟ, ಇಪ್ಪತ್ತು ಪುಟ. ಗುಳಿಗೆ ದಿನಾ ನುಂಗುತ್ತಿದ್ದೆ, ನಾಲಿಗೆ ಎತ್ತುತ್ತಿದ್ದೆ. ಗುಳಿಗೆಯಿಂದ ಎಷ್ಟು, ವಾಕ್ಯದಿಂದ ಎಷ್ಟು ಎಂದು ಬೇರೆ ಮಾಡಿ ತೂಗುವ ತಕ್ಕಡಿ ನನ್ನಲ್ಲಿರಲಿಲ್ಲ. ದೊಡ್ಡವ್ವನಿಗೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಇಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮನೆಪ್ರಾರ್ಥನೆಯಲ್ಲಿ ಒಂದು ರೂಢಿಯಿದೆ. ಹಾಡಾದ ಮೇಲೆ, ಸಂದೇಶಕ್ಕೆ ಮೊದಲು, ಯಾರಾದರೂ ಎದ್ದು ಸಾಕ್ಷಿ ಹೇಳಬೇಕು. ದೇವರು ತನಗೆ ಮಾಡಿದ್ದನ್ನು ನಾಲ್ಕು ಮಂದಿಯ ಮುಂದೆ ಹೇಳುವುದು. ಬರೆದಿಟ್ಟ ನಿಯಮವೇನೂ ಇಲ್ಲ, ಆದರೆ ಕೇಳುವವರಿಗೆ ಒಂದು ಗುಂಡಿ ಬೇಕು. ಬಿದ್ದ ಗುಂಡಿ ಎಷ್ಟು ಆಳವೋ ಎತ್ತಿದ ಕೈ ಅಷ್ಟು ದೊಡ್ಡದು. ಕುಡಿತ ಬಿಟ್ಟವರು, ಜೈಲು ಕಂಡವರು, ಸತ್ತೇಹೋದರೆಂದು ಆಸ್ಪತ್ರೆಯವರು ಕೈಬಿಟ್ಟವರು ಎದ್ದು ಹೇಳುವಾಗ ಜನ ಮುಂದಕ್ಕೆ ಬಾಗುತ್ತಿದ್ದರು. ನಾನು ಬಾಗೇವಾಡಿಯಲ್ಲಿ ಎದ್ದು, ಓದಲು ಆಗುತ್ತಿರಲಿಲ್ಲ, ಈಗ ಆಗುತ್ತದೆ ಎಂದು ಹೇಳಿ ಕೂತೆ. ಯಾರೋ ಆಕಳಿಸಿದರು. ಹೊರಗೆ ಬಂದಾಗ ಅಜ್ಜನೊಬ್ಬ ಬೆನ್ನು ತಟ್ಟಿ, "ಚಲೋ ಆತು ತಮ್ಮಾ. ಮುಂದಿನ ಸಲ ಸ್ವಲ್ಪ ಬಿಡಿಸಿ ಹೇಳು" ಎಂದ.

ಬಿಡಿಸಿದೆ. ಇಂಡಿಯಲ್ಲಿ ಲಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಮನೆ. ಚೀಲಗಳ ನಡುವೆ ಚಾಪೆ ಹಾಸಿದ್ದರು, ಕೋಣೆಯೆಲ್ಲ ಹುಳಿ ವಾಸನೆ. ಅಲ್ಲಿ ನಿದ್ದೆಯಿಲ್ಲದ ದಿನಗಳು ಸೇರಿದವು. ಜನ ಸ್ವಲ್ಪ ಬಾಗಿದರು. ಆಮೇಲೆ ಮುದ್ದೇಬಿಹಾಳ. ಅಲ್ಲಿ ಗುಳಿಗೆ ಬಿಟ್ಟ ಮಾತು ಸೇರಿತು. ಇದನ್ನು ಸೇರಿಸಿದ್ದು ದೊಡ್ಡವ್ವ ಎಂದೇ ಇಷ್ಟು ವರ್ಷ ನನ್ನ ನೆನಪು ಹೇಳುತ್ತ ಬಂದಿತ್ತು. ನಾನು ಸಾಕ್ಷಿ ಹೇಳಿ ಕೂತ ಮೇಲೆ ಅವಳು ಎದ್ದು ನಾಲ್ಕು ಮಾತು ಕೂಡಿಸಿದಳು, ಅದಕ್ಕೇ ನನಗೆ ಸಿಟ್ಟು ಬಂತು, ಬಾಗೇವಾಡಿಯವರೆಗೂ ಸ್ಕೂಟರಿನ ಮೇಲೆ ಇಬ್ಬರೂ ಮಾತಾಡಲಿಲ್ಲ ಎಂದು. ಸಿಂದಗಿಗೆ ನಾವು ಹೋಗುವ ಮೊದಲೇ ಆ ಮಾತು ಹೋಗಿ ಮುಟ್ಟಿತ್ತು. ಅಲ್ಲಿ ಪ್ರಾರ್ಥನೆ ನಡೆಸುವ ಸಭಾಪಾಲಕರು ನಮ್ಮನ್ನು ಬರಮಾಡಿಕೊಂಡು, ಬಾವಿಯ ಕಟ್ಟೆಯಿಂದ ತಿರುಗಿ ಬಂದು ಗುಳಿಗೆಗಳನ್ನು ಹಳ್ಳಕ್ಕೆ ಎಸೆದ ತಮ್ಮ ಇವರೇ ಎಂದು ಪರಿಚಯಿಸಿದರು. ನಾನು ತಿದ್ದಲಿಲ್ಲ, ಅದರ ಮೇಲೆಯೇ ಸಾಕ್ಷಿ ಹೇಳಿ ಕೂತೆ. ಚಾಪೆಯ ಮೇಲೆ ಕೂತ ಇಪ್ಪತ್ತು ಮಂದಿ ನನ್ನನ್ನು ನೋಡಿದ ರೀತಿಯಲ್ಲಿ ಅದುವರೆಗೆ ನನ್ನನ್ನು ಯಾರೂ ನೋಡಿರಲಿಲ್ಲ. ಪರೀಕ್ಷೆಯಲ್ಲಿ ಎರಡು ಸಲ ಬಿದ್ದವನಿಗೆ ಅದು ಏನೆಂದು ಬಿದ್ದವರಿಗೇ ಗೊತ್ತು.

ಆ ಇಪ್ಪತ್ತು ಮಂದಿಯಲ್ಲಿ ಶಾಂತವ್ವ ಎಂಬ ವಿಧವೆಯೂ ಅವಳ ಮಗಳು ಪ್ರೇಮಾಳೂ ಇದ್ದರು. ಪ್ರೇಮಾ ಬಿ.ಎ. ಎರಡನೆಯ ವರ್ಷದಲ್ಲಿದ್ದಳು. ಅವಳಿಗೆ ಸಣ್ಣಂದಿನಿಂದ ಫಿಟ್ಸ್ ಇತ್ತು, ದಿನಾ ಎರಡು ಹೊತ್ತು ಗುಳಿಗೆ. ಇದು ನನಗೆ ಆ ದಿನ ಗೊತ್ತಿರಲಿಲ್ಲ.

ಜನವರಿಯ ಮೊದಲಲ್ಲಿ, ಹೊಲದಲ್ಲಿ ಜೋಳ ಹಾಲುಗಾಳಾಗಿದ್ದ ಹೊತ್ತಿಗೆ, ಸಿಂದಗಿಯಿಂದ ಸಭಾಪಾಲಕರ ಫೋನು ಬಂತು. ಒಳ್ಳೆಯ ಮನುಷ್ಯ, ಇನ್ನೂ ಮೂವತ್ತಾಗದವರು. ದನಿಯಲ್ಲಿ ದಿಗಿಲಿತ್ತು. ನನ್ನ ಸಾಕ್ಷಿ ಕೇಳಿದ ವಾರವೇ ಪ್ರೇಮಾ ಗುಳಿಗೆ ಬಿಟ್ಟಿದ್ದಳು. ಕೆಲವು ವಾರ ಏನೂ ಆಗಲಿಲ್ಲ, ಮನೆಯವರೆಲ್ಲ ಸ್ತೋತ್ರ ಮಾಡಿದರು. ಮೊನ್ನೆ ರೊಟ್ಟಿ ಬೇಯಿಸುತ್ತ ಕೂತಾಗ ಫಿಟ್ಸ್ ಬಂದು ಬಿದ್ದಳು. ಬಲಗೈ ಹಂಚಿನ ಮೇಲೆ ಬಿದ್ದು ಸುಟ್ಟಿದೆ. ತಾಯಿ ಹಿಂದಿನ ಓಣಿಯಲ್ಲಿ ನೀರಿಗೆ ಹೋಗಿದ್ದಳು. ಇಷ್ಟು ಹೇಳಿ ಅವರು, ಹುಡುಗಿಯ ನಂಬಿಕೆ ಅಲ್ಲಾಡುತ್ತಿದೆ, ಆನಂದ ಬಂದು ಇನ್ನೊಮ್ಮೆ ಸಾಕ್ಷಿ ಹೇಳಿದರೆ ಗಟ್ಟಿಯಾಗುತ್ತಾಳೆ ಎಂದರು.

ಆನಂದ ನಾನು. ಫೋನು ದೊಡ್ಡವ್ವನ ಕೈಯಲ್ಲಿತ್ತು. ಅವಳು ಕೆಂಪಗಾದಳು. ಹುಡುಗಿಯನ್ನು ಆಸ್ಪತ್ರೆಗೆ ತೋರಿಸಿದಿರೋ ಇಲ್ಲವೋ ಎಂದು ಕೇಳಿದಳು. ಸುಟ್ಟದ್ದಕ್ಕೆ ಮುಲಾಮು ಹಚ್ಚಿದ್ದಾರೆ ಎಂದು ಉತ್ತರ ಬಂತು. ಫಿಟ್ಸಿಗೆ? ಪ್ರಾರ್ಥನೆ ನಡೆದಿದೆ ಎಂದರು.

ದೊಡ್ಡವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸಿಂದಗಿಗೆ ಹೊರಟೆ. ದೇವರ ಹಿಪ್ಪರಗಿ ದಾಟುವವರೆಗೂ ನಾನು ಬೈಯುತ್ತಲೇ ಇದ್ದೆ. ಈ ರೂಢಿಯನ್ನು, ಗುಂಡಿ ಬೇಡುವ ಜನರನ್ನು, ಸಭಾಪಾಲಕರನ್ನು, ಎಲ್ಲಕ್ಕಿಂತ ಹೆಚ್ಚಾಗಿ ಹಿಂದೆ ಕೂತವಳನ್ನು. ಜೀವನಪೂರ್ತಿ ಗುಳಿಗೆ ಹಂಚಿದವಳು, ನನ್ನ ನಾಲಿಗೆ ಎತ್ತಿಸಿ ನೋಡುವವಳು, ಚಾಪೆಯ ಮೇಲೆ ಕೂತೊಡನೆ ಗುಳಿಗೆಯ ಮಾತೇ ನುಂಗುವುದೇಕೆ? ಕೊನೆಗೆ, "ಮುಂದ ನೋಡಿ ನಡಸು" ಎಂದಳು. ಅವಳು ಅಪರಾಧಿಯಾದ್ದರಿಂದ ಸುಮ್ಮನಿದ್ದಾಳೆ ಎಂದುಕೊಂಡೆ.

ಶಾಂತವ್ವನ ಮನೆಯಲ್ಲಿ ಆಗಲೇ ಜನ ಸೇರಿದ್ದರು. ಪ್ರೇಮಾ ಗೋಡೆಗೆ ಒರಗಿ ಕೂತಿದ್ದಳು, ಬಲಗೈ ಮೊಣಕೈವರೆಗೆ ಬ್ಯಾಂಡೇಜು. ಒಂದು ಹಾಡಾಯಿತು. ಸಭಾಪಾಲಕರು ನನ್ನ ಕಡೆ ನೋಡಿದರು. ಎದ್ದೆ.

"ನಾ ಗುಳಿಗಿ ಬಿಟ್ಟಿಲ್ರಿ" ಎಂದೆ. "ಇವತ್ತ ಮುಂಜಾನೆನೂ ತಗೊಂಡೇನಿ. ಬಾವಿ, ಹಳ್ಳ, ಯಾವುದೂ ಖರೆ ಅಲ್ಲ."

ಮೂಲೆಯಲ್ಲಿದ್ದ ಆಯಿಯೊಬ್ಬಳು, ಹಾಗಾದರೆ ಅಂದು ಹೇಳಿದ್ದು ಸುಳ್ಳೇನಪಾ ಎಂದು ಕೇಳಿದಳು. ನಾನು ಹೌದೆಂದೆ. ಸಭಾಪಾಲಕರು ತಲೆ ತಗ್ಗಿಸಿದರು.

ಪ್ರೇಮಾ ಅಳಲಿಲ್ಲ. ಲೆಕ್ಕ ತಪ್ಪಿದ ವಿದ್ಯಾರ್ಥಿಯನ್ನು ಮಾಸ್ತರು ನೋಡುವಂತೆ ನೋಡಿದಳು. "ಅಣ್ಣಾರ, ಇದನ್ನ ಆವತ್ತ ಹೇಳಿದ್ರ ನನ್ನ ಕೈ ಉಳೀತಿತ್ತು" ಎಂದಳು.

ಆಗ ದೊಡ್ಡವ್ವ ಎದ್ದಳು. ಗುಳಿಗೆಯ ಮಾತು ಮುದ್ದೇಬಿಹಾಳದಲ್ಲಿ ಹುಟ್ಟಿತು, ಆ ತಪ್ಪು ನನ್ನದು, ಈ ಹುಡುಗನದಲ್ಲ ಎಂದಳು. ನರ್ಸ್ ಆಗಿದ್ದವಳು ಬಾಯಿ ಮುಚ್ಚಿಕೊಂಡು ಕೂತೆ, ನನ್ನನ್ನು ಕ್ಷಮಿಸಬೇಕು ಎಂದು ಪ್ರೇಮಾಳ ಮುಂದೆ ನೆಲಕ್ಕೆ ಕೂತಳು. ನಾನು ನಿಂತೇ ಇದ್ದೆ. ಅವಳು ಒಪ್ಪಿಕೊಂಡದ್ದರಿಂದ ನನಗೆ ಸಮಾಧಾನವಾಯಿತು, ಇದನ್ನೂ ಬರೆಯಬೇಕು.

ಶಾಂತವ್ವ ನನ್ನ ಕಡೆ ತಿರುಗಿದಳು. "ಗುಳಿಗಿ ಡಾಕ್ಟರು ಕೊಟ್ಟಾರ. ಮತ್ತ ದೇವರು ನಿನಗ ಏನ್ ಮಾಡ್ಯಾನ? ಅದನ್ನರೆ ಖರೆ ಹೇಳಪಾ."

ಮಸೂತಿಯ ಒಂದು ತಾಸಿನ ಬಗ್ಗೆ ಹೇಳಿದೆ. ಹೊರಸು, ಚೀಟಿ, ಪಕ್ಕದಲ್ಲಿ ಯಾರೋ ಬೇಸರವಿಲ್ಲದೆ ಕೂತಂತೆ ಇದ್ದದ್ದು. ಹೇಳುತ್ತ ಹೇಳುತ್ತ ಅದು ಎಷ್ಟು ಸಣ್ಣದೆಂದು ನನಗೇ ಕಂಡಿತು. ಯಾರೂ ಬಾಗಲಿಲ್ಲ, ಯಾರೂ ಸ್ತೋತ್ರ ಎನ್ನಲಿಲ್ಲ. ಶಾಂತವ್ವ ಮಾತ್ರ ತಲೆಯಾಡಿಸಿದಳು. ಈ ಕೂಸು ಬಿದ್ದಾಗ ನಾನು ನೀರಿಗೆ ಹೋಗಿದ್ದೆ, ಅದರ ಪಕ್ಕದಲ್ಲಿ ಯಾರಾದರೂ ಕೂತಿದ್ದರೋ ಇಲ್ಲವೋ ಎಂದು ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ ಎಂದಳು. ನನಗೆ ಗೊತ್ತಿಲ್ಲ ಎಂದೆ.

ಹೊರಡುವ ಮೊದಲು ಸಭಾಪಾಲಕರು ಪ್ರಾರ್ಥನೆ ಮಾಡಲು ಬಾಯಿ ತೆರೆದರು. ಪ್ರೇಮಾ ಅವರನ್ನು ತಡೆದು ನನ್ನನ್ನು ತೋರಿಸಿದಳು. "ಅವರ ಮಾಡ್ಲಿ. ಸಣ್ಣದ ಮಾಡ್ರಿ ಅಣ್ಣಾರ, ಕೈ ಉರೀತೈತಿ."

ನಾಲ್ಕು ಮಂದಿಯ ಮುಂದೆ ನಾನು ಮಾಡಿದ ಮೊದಲ ಪ್ರಾರ್ಥನೆ ಅದು. ಏನು ಹೇಳಿದೆನೋ ನೆನಪಿಲ್ಲ, ಬರೆದೂ ಇಟ್ಟಿಲ್ಲ. ಚಂದವಾಗಿ ಹೇಳಬೇಕೆಂಬ ಆಸೆ ಬರಲಿಲ್ಲ ಎಂಬುದಷ್ಟು ಗೊತ್ತು. ಆ ಕೈ ಬಿಟ್ಟರೆ ಬೇರೆ ಯಾವುದೂ ನನ್ನ ತಲೆಯಲ್ಲಿರಲಿಲ್ಲ. ರಕ್ಷಣೆ ಆದದ್ದು ಮಸೂತಿಯಲ್ಲೋ ಇಲ್ಲಿಯೋ ಎಂದು ಯಾರಾದರೂ ಕೇಳಿದರೆ ನಾನು ಜಾಗ ತೋರಿಸಲಾರೆ. ಆದರೆ ಆಗಿದೆ. ಇದನ್ನು ಅನುಮಾನದ ಪಟ್ಟಿಯಿಂದ ಹೊರಗಿಟ್ಟು ಏಳು ವರ್ಷವಾಯಿತು.

ಅಲ್ಲಿಂದಲೇ ಪ್ರೇಮಾಳನ್ನು ಡಾಕ್ಟರರ ಬಳಿ ಕರೆದೊಯ್ದೆವು. ಅವರು ಎಲ್ಲರನ್ನೂ ಸೇರಿಸಿ ಬೈದರು. ಫಿಟ್ಸಿನ ಗುಳಿಗೆ ಹಾಗೆ ಒಮ್ಮೆಲೇ ಬಿಟ್ಟರೆ ಜೀವವೇ ಹೋಗಬಹುದೆಂದರು. ಗುಳಿಗೆ ಮತ್ತೆ ಶುರುವಾಯಿತು. ಹೊರಗೆ ಬಂದ ಮೇಲೆ ಪ್ರೇಮಾ, ಸಾಕ್ಷಿ ಹೇಳಿದ ಊರುಗಳಿಗೆಲ್ಲ ಹೋಗಿ ಖರೆ ಹೇಳಿ ಬನ್ನಿ ಎಂದಳು. ಬಾಗೇವಾಡಿಯಲ್ಲಿ ಹೇಳಿದೆ. ಇಂಡಿಯಲ್ಲಿ ಹೇಳಿದೆ, ಲಿಂಬೆ ವ್ಯಾಪಾರಿ ಮುಖ ಹುಳ್ಳಗೆ ಮಾಡಿಕೊಂಡು ಚಹಾ ಕೊಟ್ಟರು. ಮುದ್ದೇಬಿಹಾಳಕ್ಕೆ ಪ್ರೇಮಾ ತಾನೂ ಬಂದು ಎದುರಿಗೇ ಕೂತಳು. ಅವಳಿಗೆ ಮುಜುಗರವಾಗಬಾರದೆಂದು ಸುಟ್ಟ ಕೈಯ ಮಾತು ಬಿಟ್ಟು ಕೂರಲು ಹೊರಟೆ. ಅವಳು ಬಿಡಲಿಲ್ಲ. "ಪೂರಾ ಹೇಳ್ರಿ" ಎಂದಳು. ಕೈಯದನ್ನೂ ಹೇಳಿದೆ. ಆ ಸಲದ ಪರೀಕ್ಷೆಯಲ್ಲೂ ನಾನು ಪಾಸಾಗಲಿಲ್ಲ, ಅದನ್ನು ಯಾರೂ ಸಾಕ್ಷಿಯಲ್ಲಿ ಸೇರಿಸುವುದಿಲ್ಲ.

ಪೂರಾ ಹೇಳಿದೆ ಎಂದೇ ನಂಬಿದ್ದೆ. ಕಳೆದ ತಿಂಗಳು ದಿನಚರಿಯಲ್ಲಿ ಸಿಕ್ಕ ಸಾಲು ಇದು: 'ಮುದ್ದೇಬಿಹಾಳ. ಗುಳಿಗೆ ಬಿಟ್ಟೆ ಎಂದು ಹೇಳಿದೆ. ಎಲ್ಲರೂ ಸ್ತೋತ್ರ ಎಂದರು. ದೊಡ್ಡವ್ವ ಹಾದಿಯುದ್ದಕ್ಕೂ ಮಾತಾಡಲಿಲ್ಲ.' ನನ್ನದೇ ಅಕ್ಷರ. ಹೇಳಿದ್ದು ನಾನು. ಸಿಟ್ಟಾಗಿದ್ದವಳು ಅವಳು. ನಾನು ನನ್ನ ಮಾತನ್ನೂ ಅವಳ ಸಿಟ್ಟನ್ನೂ ಅದಲುಬದಲು ಮಾಡಿಕೊಂಡು ಏಳು ವರ್ಷ ಆರಾಮಾಗಿದ್ದೆ.

ಬಾಗೇವಾಡಿಗೆ ಫೋನು ಮಾಡಿದೆ. ದೊಡ್ಡವ್ವನಿಗೆ ಈಗ ಕಿವಿ ಮಂದ. ಸಾಲನ್ನು ಎರಡು ಸಲ ಓದಿ ಹೇಳಬೇಕಾಯಿತು.

"ನನಗ ಗೊತ್ತಿತ್ತಲೇ" ಎಂದಳು.

ಗೊತ್ತಿದ್ದೂ ಎಲ್ಲರ ಮುಂದೆ ನಿನ್ನ ಮೇಲೆ ಯಾಕೆ ಹಾಕಿಕೊಂಡೆ ಎಂದು ರೇಗಿದೆ. ಹೌದು, ರೇಗಿದೆ.

"ಅವತ್ತ ಅಷ್ಟೂ ಹೊರಾಕ ನಿನ್ನ ಕೈಲೆ ಆಗ್ತಿದ್ದಿಲ್ಲ. ಕುಸದು ಬೀಳ್ತಿದ್ದಿ. ಅಲ್ಲೇ ತಿದ್ದಲಾರದ ಸುಮ್ಮ ಕುಂತದ್ದಂತೂ ನಂದ ತಪ್ಪ. ಈಗ ಆಗ್ತೈತಿ, ಈಗ ಹೇಳು."

ಪ್ರೇಮಾ ಈಗ ಸಿಂದಗಿಯಲ್ಲೇ ಶಾಲೆಯೊಂದರಲ್ಲಿ ಟೀಚರ್. ಮಧ್ಯಾಹ್ನದ ಬಿಡುವಿನಲ್ಲಿ ಫೋನು ಎತ್ತಿದಳು, ಹಿಂದೆ ಮಕ್ಕಳ ಗಲಾಟೆ. "ಹೇಳ್ರಿ ಅಣ್ಣಾರ" ಎಂದಳು. ಸ್ವಲ್ಪ ನಿಲ್ಲು, ಬಾಗಿಲು ಹಾಕಿಕೋ, ಇದು ಸರಿಯಾಗಿ ಕೇಳಿಸಬೇಕು ಎಂದೆ. ಬಾಗಿಲು ಹಾಕಿದ ಸದ್ದು ಕೇಳಿತು. ದಿನಚರಿಯ ಸಾಲನ್ನು ಇದ್ದಂತೆಯೇ ಓದಿದೆ.